ಬೆಳದಿಂಗಳ ಭಟ್ಟಿ

ಇತಿಹಾಸವನ್ನು ಬರೆಯುವವನಿಗೆ ಇರುವ ಒಂದು ಸೌಕರ್ಯ ಅದನ್ನು ಕಟ್ಟಿ ತೋರಿಸುವವನಿಗೆ ಇಲ್ಲ. 'ಬೆಟ್ಟದ ಮರೆಯಲ್ಲಿ, ಹಳ್ಳದ ಪಕ್ಕದಲ್ಲಿ ಒಂದು ಕಳ್ಳಭಟ್ಟಿ ಇತ್ತು' ಎಂದು ಬರೆದು ನಾನು ನಿಶ್ಚಿಂತೆಯಿಂದ ಮುಂದಿನ ವಾಕ್ಯಕ್ಕೆ ಹೋಗಬಲ್ಲೆ. ಹಂಡೆ ಎಷ್ಟು ದೊಡ್ಡದು, ಸುತ್ತಲಿನ ಮರಗಳು ಯಾವುವು, ಅವು ಹಸಿರಾಗಿದ್ದವೋ ಒಣಗಿ ನಿಂತಿದ್ದವೋ ಎಂದು ಓದುವವರು ನನ್ನನ್ನು ಕೇಳುವುದಿಲ್ಲ. ಅದೇ ಭಟ್ಟಿಯನ್ನು ಒಂದೂವರೆ ಅಡಿಯ ಹಲಗೆಯ ಮೇಲೆ ಪುಟ್ಟ ಪ್ರತಿಕೃತಿಯಾಗಿ ನಿಲ್ಲಿಸಲು ಹೊರಟವನು ಈ ಪ್ರಶ್ನೆಗಳಲ್ಲಿ ಒಂದನ್ನೂ ತಪ್ಪಿಸಿಕೊಳ್ಳಲಾರ. ಮರ ಎಂಬ ಮಾತನ್ನು ನೆಡಲು ಬರುವುದಿಲ್ಲ; ಯಾವುದೋ ಒಂದು ಮರವನ್ನೇ ನೆಡಬೇಕು.

ಕೆಲವು ಕಾಲದಿಂದ ನಾನು ಇಂಥ ಒಂದು ಪ್ರತಿಕೃತಿಯ ಕೆಲಸದಲ್ಲಿ ತೊಡಗಿದ್ದೇನೆ. ಅದು ಅಮೆರಿಕದ ಅಪಲೇಚಿಯನ್ ಪರ್ವತಶ್ರೇಣಿಯ ದಕ್ಷಿಣ ಭಾಗದ ಕಾಡುಭಟ್ಟಿ. ವರ್ಜೀನಿಯ, ಉತ್ತರ ಕ್ಯಾರೊಲಿನ, ಟೆನೆಸ್ಸಿ, ಜಾರ್ಜಿಯ ರಾಜ್ಯಗಳಲ್ಲಿ ಹಬ್ಬಿರುವ ಬೆಟ್ಟನಾಡು ಅದರ ತವರು. ಹೀಗೆ ಒಂದು ದೃಶ್ಯವನ್ನು ಕಿರಿದು ಮಾಡಿ ಕಟ್ಟಿದ್ದಕ್ಕೆ ಡಯೊರಾಮ ಎನ್ನುತ್ತಾರೆ. ಪ್ಯಾರಿಸ್ಸಿನಲ್ಲಿ ದಗೇರ್ ಎಂಬಾತ ೧೮೨೨ರಲ್ಲಿ ತೆರೆದ ಚಿತ್ರಪ್ರದರ್ಶನಕ್ಕೆ ಇದ್ದ ಈ ಹೆಸರು ಆಮೇಲೆ ವಸ್ತುಸಂಗ್ರಹಾಲಯಗಳ ಗಾಜಿನ ಪೆಟ್ಟಿಗೆಗಳಿಗೂ ಹವ್ಯಾಸಿಗಳ ಮೇಜಿಗೂ ಇಳಿಯಿತು. ನಮ್ಮವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ದಸರೆಯ ಗೊಂಬೆಗಳ ಮುಂದೆ ಮಣ್ಣು ಹರಡಿ, ರಾಗಿ ಚೆಲ್ಲಿ ಪೈರು ಬರಿಸಿ, ಒಡೆದ ಕನ್ನಡಿಯ ತುಂಡನ್ನು ಕೆರೆಯೆಂದು ಇರಿಸಿದವರೆಲ್ಲ ಡಯೊರಾಮ ಕಟ್ಟಿದವರೇ.

ಆದರೆ ಪೇಟೆಯಲ್ಲಿ ಸಿಕ್ಕುವ ಇಂಥ ಭಟ್ಟಿಯ ಹಲವು ಮಾದರಿಗಳಲ್ಲಿ ಒಂದು ಗೊಂಬೆ ತಪ್ಪದೆ ಇರುತ್ತದೆ. ಬರಿಗಾಲು, ಎದೆಯವರೆಗಿನ ಗಡ್ಡ, ಹರಿದ ಟೊಪ್ಪಿಗೆ, ಮಗ್ಗುಲಲ್ಲಿ ಮದ್ಯದ ಜಾಡಿ, ತೊಡೆಯ ಮೇಲೆ ಕೋವಿ, ಮರಕ್ಕೊರಗಿ ನಿದ್ದೆ. ನಗಲು ಮಾಡಿದ ಗೊಂಬೆ. ರಾತ್ರಿಯೆಲ್ಲ ಎಚ್ಚರವಾಗಿದ್ದು ಮಾಡಬೇಕಾದ ಕೆಲಸವನ್ನು ನಿದ್ದೆಯ ರೂಪದಲ್ಲಿ ತೋರಿಸುವುದು ವಿಚಿತ್ರವಲ್ಲವೆ? ಈ ಗೊಂಬೆಯನ್ನು ಕಿತ್ತುಹಾಕಿದರೆ ಅದರ ಜಾಗದಲ್ಲಿ ಯಾರನ್ನು ನಿಲ್ಲಿಸಬೇಕು? ನನ್ನ ಕೆಲಸ ಶುರುವಾದದ್ದೇ ಈ ಪ್ರಶ್ನೆಯಿಂದ.

ಮೊದಲು ಹೆಸರನ್ನು ನೋಡೋಣ. ಆ ಮದ್ಯಕ್ಕೆ ಇಂಗ್ಲಿಷಿನಲ್ಲಿ 'ಮೂನ್‌ಶೈನ್', ಎಂದರೆ ಬೆಳದಿಂಗಳು, ಎಂದು ಹೆಸರು. ಇಂಗ್ಲೆಂಡಿನ ಕೆಂಟ್ ಮತ್ತು ಸಸೆಕ್ಸ್ ಕರಾವಳಿಯಲ್ಲಿ ಸುಂಕ ತಪ್ಪಿಸಿ ತರುತ್ತಿದ್ದ ಬಿಳಿಯ ಬ್ರಾಂದಿಗೆ ಈ ಹೆಸರಿದ್ದುದನ್ನು ೧೭೮೫ರ ಒಂದು ನಿಘಂಟು ದಾಖಲಿಸಿದೆ. ಬೆಳದಿಂಗಳನ್ನು ಕುಡಿದು ಬದುಕುವ ಚಕೋರ ನಮ್ಮ ಕಾವ್ಯಗಳಲ್ಲಿಯೂ ಉಂಟು. ಪುಣ್ಯಕ್ಕೆ ಅದಕ್ಕೆ ಯಾರೂ ಸುಂಕ ಹಾಕಲಿಲ್ಲ. ನಮ್ಮ 'ಕಳ್ಳಭಟ್ಟಿ' ಎಂಬ ಮಾತು ಮಾಡಿದವನನ್ನು ನೇರವಾಗಿ ಕಳ್ಳನೆಂದು ಕರೆದುಬಿಡುತ್ತದೆ. ಇಂಗ್ಲಿಷಿನ ಮಾತು ಹೊತ್ತನ್ನು ಮಾತ್ರ ಹೇಳಿ ಸುಮ್ಮನಾಗುತ್ತದೆ. ಇಷ್ಟಾಗಿ, ಆ ಬೆಟ್ಟದ ಜನ ತಮ್ಮ ಕಸುಬಿಗೆ ಬಳಸುತ್ತಿದ್ದ ಮಾತು ಮೂನ್‌ಶೈನ್ ಅಲ್ಲ, 'ಬ್ಲಾಕೇಡ್'. ಅದು ಯುದ್ಧಕಾಲದ ದಿಗ್ಬಂಧನದ ಮಾತು. ತಾವು ಭೇದಿಸುತ್ತಿರುವುದು ಒಂದು ದಿಗ್ಬಂಧನವನ್ನು ಎಂಬ ಭಾವನೆ ಅದರಲ್ಲಿದೆ.

ದಿಗ್ಬಂಧನ ಹಾಕಿದವರು ಯಾರು? ಹೊಸದಾಗಿ ಸ್ವತಂತ್ರವಾದ ರಾಷ್ಟ್ರದ ಸಾಲವನ್ನು ತೀರಿಸುವ ಸಲುವಾಗಿ ಅಲೆಕ್ಸಾಂಡರ್ ಹ್ಯಾಮಿಲ್ಟನ್ ೧೭೯೧ರಲ್ಲಿ ದೇಶದೊಳಗೆ ಬಟ್ಟಿಯಿಳಿಸಿದ ಮದ್ಯದ ಮೇಲೆ ಸುಂಕ ಹಾಕಿಸಿದ. ಬೆಟ್ಟಗಳಾಚೆಯ ರೈತನಿಗೆ ರಸ್ತೆಯಿರಲಿಲ್ಲ. ಒಂದು ಹೇರುಗುದುರೆ ಧಾನ್ಯವನ್ನು ಧಾನ್ಯವಾಗಿಯೇ ಹೊತ್ತರೆ ೪ ಬುಶಲ್, ಮದ್ಯವಾಗಿ ಹೊತ್ತರೆ ೨೪ ಬುಶಲ್ ಧಾನ್ಯದಷ್ಟು ಹೊರುತ್ತದೆ ಎಂಬುದು ರೂಢಿಯ ಲೆಕ್ಕ. ಆ ರೈತನ ಪಾಲಿಗೆ ಮದ್ಯವೆಂದರೆ ಹೊರಲು ಹಗುರ ಮಾಡಿಕೊಂಡ ಬೆಳೆ. ನಾಣ್ಯ ಅಪರೂಪವಾದ ಆ ಸೀಮೆಯಲ್ಲಿ ಮದ್ಯವೇ ನಾಣ್ಯದಂತೆ ಕೈಯಿಂದ ಕೈಗೆ ನಡೆಯುತ್ತಿತ್ತು; ಸುಂಕವನ್ನು ಮಾತ್ರ ನಗದಾಗಿ ಕಟ್ಟಬೇಕು. ೧೭೯೪ರಲ್ಲಿ ಪಶ್ಚಿಮ ಪೆನ್ಸಿಲ್ವೇನಿಯದಲ್ಲಿ ದಂಗೆ ಎದ್ದಿತು. ಅಧ್ಯಕ್ಷ ವಾಷಿಂಗ್ಟನ್ ಸುಮಾರು ೧೩,೦೦೦ ಜನರ ಸೇನೆಯನ್ನು ಹೊರಡಿಸಿದ. ದಂಗೆ ಕಾಳಗವಿಲ್ಲದೆ ಕರಗಿತು. ೧೮೦೨ರಲ್ಲಿ ಜೆಫರ್ಸನ್ ಆ ಸುಂಕವನ್ನು ತೆಗೆಸಿದ. ಆಮೇಲೆ, ೧೮೧೨ರ ಯುದ್ಧದ ನಿಮಿತ್ತ ಬಂದು ೧೮೧೭ರಲ್ಲಿ ಹೋದ ಸುಂಕವೊಂದನ್ನು ಬಿಟ್ಟರೆ, ೧೮೬೨ರವರೆಗೆ ಕೇಂದ್ರ ಸರ್ಕಾರ ಆ ಹಂಡೆಗಳತ್ತ ತಿರುಗಿ ನೋಡಲಿಲ್ಲ.

ನನ್ನ ಹಲಗೆಗೆ ಇದು ಬಹಳ ಮುಖ್ಯವಾದ ಸಂಗತಿ. ೧೮೫೦ರ ಭಟ್ಟಿಯನ್ನು ಕಟ್ಟುವುದಾದರೆ ಕಾಡೇ ಬೇಕಾಗಿಲ್ಲ. ಮನೆಯ ಹಿತ್ತಲು ಸಾಕು. ಕಮ್ಮಾರನ ಕುಲುಮೆಯಂತೆ, ಸೇಬಿನ ಗಾಣದಂತೆ, ಅದೂ ಎಲ್ಲರಿಗೂ ಕಾಣುವಂತೆ ನಿಂತಿರುತ್ತಿತ್ತು. ಅಂತರ್ಯುದ್ಧದ ಖರ್ಚಿಗೆಂದು ೧೮೬೨ರಲ್ಲಿ ಸುಂಕ ಮರಳಿ ಬಂತು. ಮೊದಲು ಗ್ಯಾಲನ್ನಿಗೆ ೨೦ ಸೆಂಟ್. ೧೮೬೫ರ ಹೊತ್ತಿಗೆ ೨ ಡಾಲರ್. ಯುದ್ಧ ಮುಗಿಯಿತು, ಸುಂಕ ಉಳಿಯಿತು. ನಡುವೆ ಇಳಿದು, ೧೮೯೪ರಲ್ಲಿ ೧ ಡಾಲರ್ ೧೦ ಸೆಂಟಿಗೆ ಏರಿ ನಿಂತಿತು. ಒಂದು ಬುಶಲ್ ಮುಸುಕಿನ ಜೋಳದಿಂದ ಎರಡೂವರೆ ಗ್ಯಾಲನ್ ಇಳಿಯಿತೆಂದು ಇಟ್ಟುಕೊಂಡರೆ ಸುಂಕವೇ ೨ ಡಾಲರ್ ೭೫ ಸೆಂಟ್. ಆ ಜೋಳದ ಬೆಲೆ ಅರ್ಧ ಡಾಲರಿನ ಆಸುಪಾಸು. ಸೋತ ದಕ್ಷಿಣದ ಬಡರೈತ ಗೆದ್ದ ಸರ್ಕಾರಕ್ಕೆ ಕೊಡಬೇಕಾಗಿದ್ದ ಕಪ್ಪ ಇದು. ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡು ಫಲವಿಲ್ಲ ಎಂಬುದನ್ನು ಅರಿಯಲು ಅವನಿಗೆ ನಮ್ಮ ಗಾದೆ ಬೇಕಾಗಿರಲಿಲ್ಲ. ಹಂಡೆ ಹಿತ್ತಲಿನಿಂದ ಎದ್ದು ಕಾಡು ಸೇರಿತು. ಅದೇ ತಾಮ್ರ, ಅದೇ ಜೋಳ, ಅದೇ ಅಜ್ಜನ ಕೈವಾಡ, ಬದಲಾದದ್ದು ಜಾಗ. ಅಂದಮೇಲೆ ಈ ದೃಶ್ಯದ ಶಿಲ್ಪಿಗಳಲ್ಲಿ ಸುಂಕದ ಅಧಿಕಾರಿಯೂ ಒಬ್ಬ.

ಈಗ ಹಲಗೆಗೆ ಬರುತ್ತೇನೆ. ನಾನು ಆರಿಸಿಕೊಂಡ ಪ್ರಮಾಣ ಇಪ್ಪತ್ತನಾಲ್ಕಕ್ಕೆ ಒಂದು. ಐದೂಮುಕ್ಕಾಲು ಅಡಿಯ ಮನುಷ್ಯ ಏಳು ಸೆಂಟಿಮೀಟರಿನವನಾಗುತ್ತಾನೆ. ೫೦ ಗ್ಯಾಲನ್ನಿನ ಹಂಡೆ ಹೆಬ್ಬೆರಳಿನ ಮೇಲಿನ ಗೆಣ್ಣಿನಷ್ಟಾಗುತ್ತದೆ. ಮೊದಲು ಇಡಬೇಕಾದದ್ದು ಹಂಡೆಯಲ್ಲ, ನೀರು. ಆವಿಯನ್ನು ತಣಿಸಲು ಎಡೆಬಿಡದೆ ತಣ್ಣೀರು ಬೇಕು, ಹಳ್ಳವಿಲ್ಲದೆ ಭಟ್ಟಿಯಿಲ್ಲ. ಇದು ಸುಂಕದವರಿಗೂ ಗೊತ್ತು. ಅವರು ಹಳ್ಳವನ್ನೇ ಹಿಡಿದು ಮೇಲೇರುತ್ತಿದ್ದರು. ಮೇಲೆ ಸುರಿದ ಹುಳಿಚರಟದ ವಾಸನೆ ಕೆಳಗಿನ ನೀರಿನಲ್ಲಿ ಸಿಕ್ಕಿದರೆ ಅರ್ಧ ಕೆಲಸ ಆದಂತೆಯೇ. ಪ್ರಾಣಾಧಾರವೂ ಪ್ರಾಣಾಂತಕವೂ ಒಂದೇ ನೀರು. ಆದ್ದರಿಂದ ಹಲಗೆಯ ಮೇಲೆ ಹಳ್ಳ ಕಿರಿದಾಗಿರಬೇಕು, ಎರಡು ದಡದಲ್ಲೂ ರೋಡೊಡೆಂಡ್ರಾನಿನ ಪೊದೆ ಬಾಗಿ ಅದನ್ನು ಮುಚ್ಚಿರಬೇಕು. ಬೆಟ್ಟದವರು ಈ ಗಿಡವನ್ನು ಲಾರೆಲ್ ಎನ್ನುತ್ತಾರೆ. ಚಳಿಗಾಲದಲ್ಲೂ ಎಲೆ ಉದುರಿಸದ ಅದರ ಗುಣವೇ ಭಟ್ಟಿಗೆ ಗೋಡೆ. ನೀರನ್ನು ಪಾರದರ್ಶಕ ರಾಳದಲ್ಲಿ ಎರೆಯುತ್ತೇನೆ. ಒಂದೇ ಸಲ ಸುರಿದರೆ ಕಾವೇರಿ ಬಿರುಕು ಬಿಡುತ್ತದೆ, ತೆಳುವಾಗಿ ಪದರ ಪದರವಾಗಿ ಎರೆಯಬೇಕು.

ಒಲೆ ಹಳ್ಳದ ಕಲ್ಲು, ಜೇಡಿಮಣ್ಣಿನದು. ಹೊಗೆ ಹಗಲಿನಲ್ಲಿ ಮರಗಳ ಮೇಲೆದ್ದರೆ ಊರಿಗೆಲ್ಲ ಡಂಗುರ ಹೊಡೆದಂತೆ. ಆದ್ದರಿಂದ ಒಣಗಿದ ಗಟ್ಟಿ ಸೌದೆ, ಬೆಳಗಾಗುವುದಕ್ಕೆ ಮುಂಚಿನ ಉರಿ. ಹತ್ತಿಯನ್ನು ಎಳೆದು ಹೊಗೆಯೆಂದು ಅಂಟಿಸುವ ಹವ್ಯಾಸಿಗಳಿದ್ದಾರೆ. ನನ್ನ ಭಟ್ಟಿಯಲ್ಲಿ ಹೊಗೆಯಿಲ್ಲ. ಹಂಡೆಯ ಮೇಲೆ ಮುಚ್ಚಳದ ಟೋಪಿ. ಸಂದಿಗೆ ಹಿಟ್ಟಿನ ಕಣಕ ಮೆತ್ತಿದೆ. ಟೋಪಿಯಿಂದ ಹೊರಟ ಕೊಳವೆ ಒಂದು ಮುಚ್ಚಿದ ಪೀಪಾಯಿಯ ಮೂಲಕ ಹೋಗುತ್ತದೆ. ಆವಿ ಅಲ್ಲಿ ಮತ್ತೊಮ್ಮೆ ಕುದಿದು ಕಡುವಾಗುವಾಗ ಒಳಗಿನಿಂದ ಧಡ್ ಧಡ್ ಎಂಬ ಸದ್ದು ಬರುವುದರಿಂದ ಅದಕ್ಕೆ 'ಥಂಪರ್' ಎಂದೇ ಹೆಸರು. ಈ ಸದ್ದನ್ನು ಹಲಗೆಯ ಮೇಲೆ ಇಡುವ ಉಪಾಯ ನನಗೆ ಹೊಳೆದಿಲ್ಲ. ಆಮೇಲೆ ತಣ್ಣೀರಿನ ಪೀಪಾಯಿ, ಅದರೊಳಗೆ ತಾಮ್ರದ ಸುರುಳಿ. ನಿಜವಾದ ಕೊಳವೆಯನ್ನು ಬಗ್ಗಿಸುವಾಗ ನಜ್ಜಾಗದಿರಲೆಂದು ಒಳಗೆ ಮರಳು ತುಂಬಿ ಮರದ ಮೋಟಿಗೆ ಸುತ್ತುತ್ತಿದ್ದರು. ಒಂದಂಗುಲದ ಕೊಳವೆ ನನ್ನ ಪ್ರಮಾಣದಲ್ಲಿ ಒಂದು ಮಿಲಿಮೀಟರಿನ ತಂತಿ. ಲಟ್ಟಣಿಗೆಯ ಹಿಡಿಗೆ ಸುತ್ತಿದರೆ ಸುರುಳಿ ಸಿದ್ಧ. ತಾಮ್ರ ಹಳೆಯದೆಂದು ತೋರಿಸಲು ಹಸಿರು ಬಣ್ಣ ಬಳಿಯುವ ಚಪಲ ಎಲ್ಲರಿಗೂ ಇದೆ. ಹೊರಮೈ ಮಸಿ ಹಿಡಿದಿರಲಿ, ಆದರೆ ಕಿಲುಬು ವಿಷವೆಂದು ಬಲ್ಲ ಕಸುಬುದಾರ ಹಂಡೆಯ ಒಳಮೈಯನ್ನು ಉಜ್ಜಿ ಬೆಳಗಿಸಿಯೇ ಇಡುತ್ತಿದ್ದ. ಈ ಕಸುಬಿನ ಮಾತುಗಳನ್ನು ಮುದುಕರ ಬಾಯಿಂದಲೇ ಕೇಳಿ ಬರೆದುಕೊಂಡವರು ಜಾರ್ಜಿಯದ ರೇಬನ್ ಕೌಂಟಿಯ ಶಾಲಾ ಹುಡುಗರು. ೧೯೭೨ರಲ್ಲಿ ಪುಸ್ತಕವಾಗಿ ಬಂದ ಅವರ 'ಫಾಕ್ಸ್‌ಫೈರ್' ಸಂಗ್ರಹದಲ್ಲಿ ಭಟ್ಟಿಗಳ ಚಿತ್ರಗಳೂ ಇವೆ. ದೊಡ್ಡ ವಿದ್ವಾಂಸರು ಮಾಡಬಹುದಾಗಿದ್ದ ಕೆಲಸವನ್ನು ಮಕ್ಕಳು ಮಾಡಿದರು.

ಹಸ್ತಪ್ರತಿಯ ಕಾಲವನ್ನು ಅಕ್ಷರಗಳ ಆಕಾರದಿಂದ ಊಹಿಸುವಂತೆ ಭಟ್ಟಿಯ ಕಾಲವನ್ನು ಅದರ ಸುತ್ತಲಿನ ವಸ್ತುಗಳಿಂದ ಹೇಳಬಹುದು. ಮರವನ್ನೇ ನೋಡಿ. ಆ ಬೆಟ್ಟಗಳ ಮಹಾವೃಕ್ಷ ಚೆಸ್ಟ್‌ನಟ್. ಅದಕ್ಕೆ ತಗುಲಿದ ಬೂಷ್ಟುರೋಗ ೧೯೦೪ರಲ್ಲಿ ನ್ಯೂಯಾರ್ಕಿನಲ್ಲಿ ಮೊದಲು ಕಂಡಿತು. ಅರ್ಧ ಶತಮಾನದೊಳಗೆ ನೂರಾರು ಕೋಟಿ ಮರಗಳು ಸತ್ತವು. ೧೮೮೦ರ ಭಟ್ಟಿಯ ಮೇಲೆ ಹಸಿರು ಚೆಸ್ಟ್‌ನಟ್ ಇರಬೇಕು. ೧೯೪೦ರದಾದರೆ ಬೂದು ಬಣ್ಣದ ಬೋಳು ಕಾಂಡ. ಜೋಳದ ಹಿಟ್ಟಿನ ಚೀಲಗಳ ಬದಲು ಸಕ್ಕರೆಯ ಮೂಟೆಗಳಿದ್ದರೆ ಅದು ೧೯೨೦ರ ಪಾನನಿಷೇಧದ ಈಚಿನದು. ಆಗ ಬೇಡಿಕೆ ಏರಿತು, ಅವಸರ ಹೆಚ್ಚಿತು, ಕಸುಬು ವ್ಯಾಪಾರವಾಯಿತು. ನಿಷೇಧ ೧೯೩೩ರಲ್ಲಿ ಹೋದರೂ ವ್ಯಾಪಾರ ಹೋಗಲಿಲ್ಲ. ವರ್ಜೀನಿಯದ ಫ್ರಾಂಕ್ಲಿನ್ ಕೌಂಟಿಯ ಸಂಚಿನ ಬಗ್ಗೆ ೧೯೩೫ರಲ್ಲಿ ನಡೆದ ವಿಚಾರಣೆಯಲ್ಲಿ ಸ್ಥಳೀಯ ಅಧಿಕಾರಿಗಳೂ ಆರೋಪಿಗಳ ಸಾಲಿನಲ್ಲಿದ್ದರು. ತಾಮ್ರದ ಸುರುಳಿಯ ಬದಲು ಹಳೆಯ ಮೋಟಾರುಗಾಡಿಯ ರೇಡಿಯೇಟರ್ ಕಂಡರೆ ಇನ್ನೂ ಈಚಿನದು, ಅತ್ಯಂತ ನೀಚವಾದದ್ದು. ಅದರ ಬೆಸುಗೆಯ ಸೀಸ ಮದ್ಯದಲ್ಲಿ ಕರಗಿ ಕುಡಿದವರ ನರಗಳನ್ನೂ ಮೂತ್ರಪಿಂಡಗಳನ್ನೂ ಕೊಂದಿತು. ಬೆಟ್ಟದ ಬಂಡಾಯಗಾರನೆಂದು ಇವನನ್ನು ಹಾಡಿ ಹೊಗಳುವವರು ಈ ರೇಡಿಯೇಟರನ್ನು ಮರೆಯುತ್ತಾರೆ. ನಾನು ನಿಲ್ಲಿಸಿರುವುದು ೧೮೮೦ರ ಭಟ್ಟಿ.

ಹಾಗೆಂದು ಆ ಕಾಲವೇನೂ ಸುಭಿಕ್ಷವಲ್ಲ. ಸುಂಕದ ಇಲಾಖೆಯ ಆಯುಕ್ತನಾಗಿದ್ದ ಗ್ರೀನ್ ರಾಮ್ ೧೮೭೬ರಿಂದ ೧೮೮೩ರವರೆಗೆ ಸಶಸ್ತ್ರ ತಂಡಗಳನ್ನು ಈ ಬೆಟ್ಟಗಳಿಗೆ ನುಗ್ಗಿಸಿದ. ೧೮೭೬ರಲ್ಲಿ ಲೂಯಿಸ್ ರೆಡ್ಮಂಡ್ ಎಂಬ ತರುಣ ತನ್ನನ್ನು ಹಿಡಿಯಲು ಬಂದ ಅಧಿಕಾರಿಯನ್ನು ಗುಂಡಿಟ್ಟು ಕೊಂದು, ಪತ್ರಿಕೆಗಳಲ್ಲೂ ಅಗ್ಗದ ಕಾದಂಬರಿಗಳಲ್ಲೂ ನಾಯಕನಾದ. ಸತ್ತ ಅಧಿಕಾರಿ ಡಕ್ವರ್ತ್‌ನ ಮೇಲೆ ಅಂಥ ಕಾದಂಬರಿ ಬಂದಂತಿಲ್ಲ. ಇವರಿಬ್ಬರ ನಡುವೆ ನಿಂತು ಕೇಳಿಸಿಕೊಂಡವನು ಹೊರೇಸ್ ಕೆಫಾರ್ಟ್. ಸೇಂಟ್ ಲೂಯಿಯಲ್ಲಿ ಗ್ರಂಥಪಾಲಕನಾಗಿದ್ದ ಈತ ೧೯೦೪ರಲ್ಲಿ ಸ್ಮೋಕಿ ಬೆಟ್ಟಗಳ ಹೇಜಲ್ ಕ್ರೀಕ್ ಎಂಬ ಹಳ್ಳದ ಕಡೆ ಹೋಗಿ ನೆಲೆಸಿದ. ೧೯೧೩ರಲ್ಲಿ ಬೆಟ್ಟದವರ ಬಗ್ಗೆ ಬರೆದ ಪುಸ್ತಕದಲ್ಲಿ ಹಲವು ಅಧ್ಯಾಯಗಳನ್ನು ಇದಕ್ಕೇ ಮೀಸಲಿಟ್ಟ. ಅದರಲ್ಲಿ ಕಾಣುವ ಭಟ್ಟಿಗಾರ ನಿದ್ದೆಯ ಗೊಂಬೆಯಲ್ಲ. ಕಡಿದಾದ ಇಳಿಜಾರಿನಲ್ಲಿ ಜೋಳ ಬೆಳೆದು, ಅದನ್ನು ಸಾಗಿಸಲಾರದೆ, ಬೆನ್ನ ಮೇಲೆ ಹೊತ್ತು ಹಳ್ಳ ಹತ್ತುವ ಬಡವ.

ಮುಂದೆ ಈ ವಸ್ತುವಿಗೆ ಬಂದ ಭಾಗ್ಯ ವಿನೋದದ್ದು. ಉತ್ತರ ಕ್ಯಾರೊಲಿನದ ಜೂನಿಯರ್ ಜಾನ್ಸನ್ ೧೯೫೬ರಲ್ಲಿ ತಂದೆಯ ಭಟ್ಟಿಯ ಬಳಿ ಸಿಕ್ಕಿಬಿದ್ದು ಜೈಲು ಕಂಡ. ಮೋಟಾರುಪಂದ್ಯಗಳಲ್ಲಿ ಹೆಸರು ಮಾಡಿದ. ೧೯೮೬ರಲ್ಲಿ ಅಧ್ಯಕ್ಷ ರೇಗನ್‌ನಿಂದ ಕ್ಷಮಾದಾನ ಪಡೆದ. ೨೦೧೦ರಲ್ಲಿ ಶಾರ್ಲಟ್ ನಗರದಲ್ಲಿ ಆ ಪಂದ್ಯಗಳ ಕೀರ್ತಿಭವನ ತೆರೆದಾಗ ಅದರೊಳಗೊಂದು ಭಟ್ಟಿಯನ್ನು ತಾನೇ ಕಟ್ಟಿ ನಿಲ್ಲಿಸಿದ.

ಗೊಂಬೆಗಳ ಪ್ರಶ್ನೆ ಉಳಿಯಿತು. ಮೂವರನ್ನು ಇರಿಸಿದ್ದೇನೆ. ಒಬ್ಬ ಒಲೆಯ ಮುಂದೆ ಕುಕ್ಕರುಗಾಲಿನಲ್ಲಿ, ಕಣ್ಣು ಸುರುಳಿಯ ತುದಿಯ ಮೇಲೆ. ಒಬ್ಬ ಹುಡುಗ, ಸೌದೆ ಹೊತ್ತವನು. ಮೂರನೆಯವನು ಭಟ್ಟಿಗೆ ಬೆನ್ನು ಮಾಡಿ ಪೊದೆಯ ಅಂಚಿನಲ್ಲಿ ನಿಂತು ಆಲಿಸುತ್ತಿದ್ದಾನೆ. ಪಕ್ಕದಲ್ಲಿ ಇನ್ನೊಂದು ಹಳೆಯ ಹಂಡೆ ಬಿದ್ದಿದೆ. ಅದರ ಮೈಯಲ್ಲಿ ಸುಂಕದವರ ಕೊಡಲಿ ಮಾಡಿದ ನಾಲ್ಕು ಸೀಳುಗಳು. ಒಂದು ಸೀಳಿಗೆ ತೇಪೆ ಹಾಕಲು ಶುರುಮಾಡಿ ಬಿಟ್ಟಿದ್ದಾರೆ.

ನೋಡಲು ಬಂದ ಮಿತ್ರರೆಲ್ಲ ಕೇಳುವ ಪ್ರಶ್ನೆ ಒಂದೇ: ಹಲಗೆಯ ಅಂಚಿನಿಂದ ಭಟ್ಟಿಗೆ ದಾರಿ ಎಲ್ಲಿ? ಒಂದೇ ಕಡೆಯಿಂದ ದಿನವೂ ನಡೆದರೆ ಹುಲ್ಲು ಸವೆದು ಕಾಲುದಾರಿ ಮೂಡುತ್ತದೆ. ಕಾಲುದಾರಿ ಸುಂಕದವನನ್ನು ಕೈಹಿಡಿದು ಕರೆತರುತ್ತದೆ. ಆದ್ದರಿಂದ ಅವರು ದಿನಕ್ಕೊಂದು ಕಡೆಯಿಂದ, ಕೆಲವು ವೇಳೆ ಹಳ್ಳದ ನೀರಿನಲ್ಲಿಯೇ ನಡೆದು ಬರುತ್ತಿದ್ದರು. ನನ್ನ ಹಲಗೆಯ ಮೇಲೆ ದಾರಿಯಿಲ್ಲ. ಹಳ್ಳದ ದಡದ ಒಂದು ಕಲ್ಲಿನ ಮೇಲೆ ಮಾತ್ರ, ಒದ್ದೆಗಾಲು ಊರಿದಷ್ಟು ಜಾಗದಲ್ಲಿ, ಬಣ್ಣವನ್ನು ಸ್ವಲ್ಪ ಗಾಢವಾಗಿ ಬಳಿದಿದ್ದೇನೆ.