ಊರು ಬಿಟ್ಟವರು ಕಟ್ಟಿಸಿದ ಊರುಗಳು

ಗ್ರೀಸ್ ದೇಶದ ವಾಯವ್ಯ ಮೂಲೆಯ ಪಿಂಡಸ್ ಬೆಟ್ಟಸಾಲಿನಲ್ಲಿ ಝಗೋರಿ ಎಂಬ ಸೀಮೆಯಿದೆ. ಒಟ್ಟು 46 ಹಳ್ಳಿ. ಯೊಆನಿನಾ ಪಟ್ಟಣದಿಂದ ಬೆಳಿಗ್ಗೆ ಕಾರಿನಲ್ಲಿ ಹೊರಟರೆ ಸುಮಾರು ಒಂದು ಗಂಟೆಯಲ್ಲಿ ಅಲ್ಲಿರುತ್ತೀರಿ. ಒಂದು ದಿನಕ್ಕೆ ನಾಲ್ಕೈದು ಊರು ಸಾಕು. ಹೆಚ್ಚಿಗೆ ಆಸೆಪಟ್ಟರೆ ಯಾವುದನ್ನೂ ಸರಿಯಾಗಿ ನೋಡಿದಂತಾಗುವುದಿಲ್ಲ.

1430ರಲ್ಲಿ ಯೊಆನಿನಾ ಒಟ್ಟೊಮನ್ನರ ಕೈಸೇರಿತು. ಝಗೋರಿಯವರು ಕಂದಾಯ ಕೊಟ್ಟು, ತಮ್ಮ ಆಡಳಿತವನ್ನು ತಾವೇ ನೋಡಿಕೊಳ್ಳುವ ಹಕ್ಕನ್ನು ಉಳಿಸಿಕೊಂಡರು. ಹಕ್ಕೇನೋ ಉಳಿಯಿತು, ಆದರೆ ಕಲ್ಲುನೆಲದಲ್ಲಿ ಬೆಳೆ ಎಷ್ಟು ಬಂದೀತು? ಗಂಡಸರು ವ್ಯಾಪಾರಕ್ಕೆಂದು ಕಾನ್‌ಸ್ಟಾಂಟಿನೋಪಲ್, ರುಮೇನಿಯಾ, ರಷ್ಯಾ, ಈಜಿಪ್ಟ್‌ಗಳಿಗೆ ಹೋದರು. ಹೊಲ, ಮನೆ, ಮಕ್ಕಳನ್ನೆಲ್ಲ ಹೆಂಗಸರು ನಡೆಸಿದರು. ಹೊರಗೆ ಗಳಿಸಿದ ಹಣ ಊರಿಗೆ ಬಂದು ಸೇತುವೆ, ಶಾಲೆ, ಚರ್ಚು, ಕಲ್ಲುಹಾದಿಯಾಯಿತು. ಇಲ್ಲಿ ಕಣ್ಣಿಗೆ ಬೀಳುವ ಚೆಲುವಿನ ಬಹುಪಾಲು ಆ ಅಗಲಿಕೆಯ ಗಳಿಕೆ ಎಂದೇ ನನ್ನ ಭಾವನೆ.

ಮೊದಲು ಕಿಪಿ. ಊರಿನ ಆಸುಪಾಸಿನ ಹಳ್ಳಗಳ ಮೇಲೆ ಹಲವು ಕಲ್ಲು ಸೇತುವೆಗಳಿವೆ. ಮೂರು ಕಮಾನಿನ ಪ್ಲಾಕಿದಾ ಸೇತುವೆ 1814ರದು. ಒಬ್ಬ ಮಠಾಧಿಪತಿಯ ಹಣದಿಂದ ಎದ್ದದ್ದರಿಂದ ಅದಕ್ಕೆ ಸನ್ಯಾಸಿಯ ಸೇತುವೆ ಎಂಬ ಹೆಸರೂ ಇದೆ. ದಡದಲ್ಲಿ ನಿಂತು ನೋಡಿದರೆ ಬೆನ್ನು ಏರಿಸಿ ಇಳಿಸಿ ತೆವಳುವ ಕಂಬಳಿಹುಳದಂತೆ ಕಾಣುತ್ತದೆ. ಸ್ವಲ್ಪ ದೂರದ ಕೊಕ್ಕೊರೋಸ್ ಸೇತುವೆ 1750ರದು. ಎರಡು ಕಡಿದಾದ ಬಂಡೆಗಳ ನಡುವೆ ಒಂದೇ ಕಮಾನು.

ಅಲ್ಲಿಂದ ಕಪೆಸೊವೊ. ಈ ಊರಿಗೂ ಇನ್ನೂ ಮೇಲಿರುವ ವ್ರದೆತೊಗೂ ನಡುವೆ, ಬಂಡೆಯ ಮೈಯಲ್ಲಿ ಅಂಕುಡೊಂಕಾಗಿ ಏರುವ ಸಾವಿರಕ್ಕೂ ಮಿಕ್ಕ ಮೆಟ್ಟಿಲುಗಳಿವೆ. 1970ರ ದಶಕದಲ್ಲಿ ಮೋಟಾರು ರಸ್ತೆ ಆಗುವವರೆಗೆ ವ್ರದೆತೊಗೆ ಇದೇ ದಾರಿ. ಕಾರು ಬಿಟ್ಟು ಅರ್ಧದಷ್ಟಾದರೂ ಹತ್ತಿ ನೋಡಬೇಕು. ಮೆಟ್ಟಿಲು ಅಗಲ, ಎತ್ತರ ಕಡಿಮೆ. ಅಂಚಿಗೆ ಕಲ್ಲನ್ನು ಮಗ್ಗುಲಾಗಿ ನಿಲ್ಲಿಸಿದ್ದಾರೆ. ಹೇರು ಹೊತ್ತ ಹೇಸರಗತ್ತೆಯ ಗೊರಸು ಜಾರದಿರಲೆಂದು ಈ ಏರ್ಪಾಡು. ಮನುಷ್ಯರ ಕಾಲಿಗೂ ಅದೇ ಆಸರೆ. ಎಲ್ಲೂ ಆಡಂಬರವಿಲ್ಲ, ಆದರೆ ಕಟ್ಟಿದವರ ಕಾಳಜಿ ಹೆಜ್ಜೆಹೆಜ್ಜೆಗೂ ಅರಿವಿಗೆ ಬರುತ್ತದೆ. ಅರಮನೆಗಳಿಗಿಂತ ಇಂಥ ಕೆಲಸಕ್ಕೇ ನಾನು ಹೆಚ್ಚು ಬೆಲೆ ಕೊಡುತ್ತೇನೆ.

ಮಧ್ಯಾಹ್ನದ ಊಟಕ್ಕೆ ಅಲೆವ್ರೊಪಿತಾ ಕೇಳಿ: ತೆಳುವಾಗಿ ಹರಡಿದ ಹಿಟ್ಟಿನ ಮೇಲೆ ಚೀಸ್ ಉದುರಿಸಿ ಗರಿಗರಿಯಾಗಿ ಬೇಯಿಸಿದ್ದು.

ಕೊನೆಗೆ ಮೊನೊದೆಂದ್ರಿ. ಗೋಡೆ ಕಲ್ಲಿನದು, ಓಣಿ ಕಲ್ಲಿನದು, ಸೂರಿಗೂ ಹಂಚಿನ ಬದಲು ಕಲ್ಲಿನ ಚಪ್ಪಡಿಯೇ. ರಷ್ಯಾದಲ್ಲಿ ವ್ಯಾಪಾರ ಮಾಡಿ ಸಿರಿವಂತರಾಗಿ, ಅಥೆನ್ಸಿನ ರಿಝಾರಿಯೊಸ್ ಶಾಲೆಗೆ ಆಸ್ತಿ ಬಿಟ್ಟುಹೋದ ರಿಝಾರಿಸ್ ಸಹೋದರರು ಈ ಊರಿನವರು. ಊರಂಚಿನಲ್ಲಿ, ವಿಕೊಸ್ ಕಮರಿಯ ತುದಿಗೆ, 15ನೇ ಶತಮಾನದ ಸಂತ ಪರಸ್ಕೆವಿ ಮಠವಿದೆ. ಕಮರಿಯ ಆಳ ಕೆಲವೆಡೆ ಸುಮಾರು 900 ಮೀಟರ್. ಅಗಲಕ್ಕೆ ಹೋಲಿಸಿದರೆ ಜಗತ್ತಿನಲ್ಲೇ ಅತಿ ಆಳದ್ದೆಂದು ಗಿನ್ನೆಸ್ ದಾಖಲೆ ಹೇಳುತ್ತದೆ.

2023ರಲ್ಲಿ ಝಗೋರಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿ ಸೇರಿತು. ಈಗ ಖಾಯಂ ಒಕ್ಕಲು ಕಡಿಮೆ. ಹಳೆಯ ಮನೆಗಳು ಎಷ್ಟೋ ಅತಿಥಿಗೃಹಗಳಾಗಿವೆ. ಮನೆಗೆ ಬಾಗಿಲು ಹಾಕುವುದಕ್ಕಿಂತ ಅದು ಮೇಲು. ಮೊನೊದೆಂದ್ರಿಯಿಂದ ಕಮರಿಗಿಳಿದು ವಿಕೊಸ್ ಹಳ್ಳಿಗೆ ನಡೆಯಲು ಆರು ತಾಸಿನಷ್ಟಾದರೂ ಬೇಕು. ಅದನ್ನು ಬೇರೆ ದಿನಕ್ಕಿಟ್ಟುಕೊಂಡು, ಕತ್ತಲಾಗುವ ಮೊದಲೇ ಘಟ್ಟದ ತಿರುವುಗಳನ್ನು ಇಳಿದುಬಿಡುವುದು ಒಳ್ಳೆಯದು.