ಹಿತ್ತಿಲ ಚಿಟ್ಟೆಯ ಪೂರ್ವಕಥೆ

ಮನೆಯ ಮುಂದಣ ಹೂದೋಟಕ್ಕೆ ಚಿಟ್ಟೆಗಳನ್ನು ಬರಮಾಡಿಕೊಂಡು, ಅವು ರೆಕ್ಕೆ ಬಿಚ್ಚಿ ಕುಳಿತ ಗಳಿಗೆಯನ್ನು ಕ್ಯಾಮೆರಾದಲ್ಲಿ ಹಿಡಿದಿಡುವ ಹವ್ಯಾಸವು ಇಂದು ನಮ್ಮ ಊರುಕೇರಿಗಳಲ್ಲಿ ಸರ್ವಸಾಧಾರಣವಾಗಿದೆಯಾದರೂ, ಅದರ ಮೂಲವನ್ನು ಅರಸಹೊರಟವನು ಮೊದಲು ಎದುರುಗೊಳ್ಳುವುದು ಹುಳು ಕಡಿದ ಎಲೆಯನ್ನು. ಫ್ರಾಂಕ್‌ಫರ್ಟ್ ನಗರದಲ್ಲಿ 1647ರಲ್ಲಿ ಜನಿಸಿದ ಮರಿಯಾ ಸಿಬಿಲ್ಲಾ ಮೇರಿಯನ್ ಎಂಬ ಚಿತ್ರಕಾರ್ತಿಯು, ಕೀಟಗಳು ಕೊಳೆತ ಪದಾರ್ಥದಿಂದ ತಾವಾಗಿಯೇ ಉದ್ಭವಿಸುತ್ತವೆಂದು ಅನೇಕರು ನಂಬಿದ್ದ ಆ ಕಾಲದಲ್ಲಿ, ಹುಳುಗಳನ್ನು ಮನೆಯಲ್ಲಿಯೇ ಸಾಕಿ, ಹುಳು, ಕೋಶ, ಚಿಟ್ಟೆ ಈ ಮೂರನ್ನೂ ಅವುಗಳ ಆಹಾರವಾದ ಗಿಡದೊಡನೆ ಒಂದೇ ಪುಟದಲ್ಲಿ ಚಿತ್ರಿಸಿ, 1679ರಲ್ಲಿ ಗ್ರಂಥವಾಗಿ ಪ್ರಕಟಿಸಿದಳು. ಆಕೆಯ ತರುವಾಯ ಬಂದ ಪಂಡಿತರಲ್ಲಿ ಬಹುಮಂದಿಗೆ ಗಿಡ ಬೇಕಾಗಲಿಲ್ಲ. ಬಲೆ, ವಿಷದ ಸೀಸೆ, ಗುಂಡುಸೂಜಿ ಇಷ್ಟಿದ್ದರೆ ಅವರ ಶಾಸ್ತ್ರ ನಡೆಯುತ್ತಿತ್ತು.

ಮೇರಿಯನ್ನಳ ಪದ್ಧತಿಗೆ ನಮ್ಮ ನಾಡಿನಲ್ಲಿ ಪುನರ್ಜನ್ಮ ದೊರೆತುದು ಕಾರವಾರದಲ್ಲಿ. 1862ರಲ್ಲಿ ಮುಂಬಯಿ ಪ್ರಾಂತಕ್ಕೆ ಸೇರಿಹೋದ ಉತ್ತರ ಕನ್ನಡ ಜಿಲ್ಲೆಯ ಆ ಕಡಲ ಪಟ್ಟಣದಲ್ಲಿ, ಹತ್ತೊಂಬತ್ತನೆಯ ಶತಮಾನದ ಕೊನೆಗೆ, ಕಲೆಕ್ಟರ್ ಜೇಮ್ಸ್ ಡೇವಿಡ್‌ಸನ್, ಉಪ್ಪು ಮತ್ತು ಸುಂಕದ ಇಲಾಖೆಯ ಇ. ಎಚ್. ಏಟ್ಕಿನ್, ಅರಣ್ಯ ಇಲಾಖೆಯ ಟಿ. ಆರ್. ಬೆಲ್ ಎಂಬ ಮೂವರು ಅಧಿಕಾರಿಗಳು ಒಂದೇ ಹುಚ್ಚಿಗೆ ಸಿಕ್ಕಿಬಿದ್ದರು. ಒಬ್ಬನ ಕೈಯಲ್ಲಿ ಕಂದಾಯ, ಇನ್ನೊಬ್ಬನ ಕೈಯಲ್ಲಿ ಉಪ್ಪು, ಮತ್ತೊಬ್ಬನ ಕೈಯಲ್ಲಿ ಕಾಡು. ಎಂದರೆ ರೈತನಿಗೆ ಅಂಜಿಕೆ ಹುಟ್ಟಿಸಬಲ್ಲ ಸಮಸ್ತ ಅಧಿಕಾರವನ್ನೂ ಹಂಚಿಕೊಂಡಿದ್ದ ಈ ಮಹನೀಯರು, ಬಿಡುವಿನ ವೇಳೆಯಲ್ಲಿ ಹುಳುಗಳಿಗೆ ಎಳೆಯ ಸೊಪ್ಪನ್ನು ಒದಗಿಸುವ ಕಾಯಕದಲ್ಲಿ ತೊಡಗಿದ್ದರೆಂಬುದನ್ನು ನೆನೆದರೆ ನಗು ಬಾರದಿರದು. ಆದರೆ ಫಲವು ನಗೆಯಾಡುವಂಥದಲ್ಲ. 1883ರಲ್ಲಿ ಸ್ಥಾಪಿತವಾದ ಮುಂಬಯಿಯ ನಿಸರ್ಗೇತಿಹಾಸ ಸಂಘದ ಪತ್ರಿಕೆಯಲ್ಲಿ ಅವರು ಪ್ರಕಟಿಸಿದ ಉತ್ತರ ಕನ್ನಡದ ಚಿಟ್ಟೆಗಳ ವೃತ್ತಾಂತವು, ಯಾವ ಚಿಟ್ಟೆಯ ಮರಿ ಯಾವ ಗಿಡವನ್ನು ತಿನ್ನುತ್ತದೆಂಬುದನ್ನು ಸ್ವಂತ ಅನುಭವದಿಂದ ತಿಳಿಸಿತು. ಬೆಲ್ ಅಷ್ಟಕ್ಕೇ ತೃಪ್ತನಾಗಲಿಲ್ಲ. 1909ರಿಂದ ಮೊದಲ್ಗೊಂಡು ಹಲವು ವರ್ಷಗಳ ಕಾಲ ಬಯಲುಸೀಮೆಯ ಸಾಮಾನ್ಯ ಚಿಟ್ಟೆಗಳ ಜೀವನಚರಿತ್ರೆಯನ್ನು ಕಂತುಕಂತಾಗಿ ಬರೆದು, ನಿವೃತ್ತನಾದ ಮೇಲೂ ಕಾರವಾರವನ್ನು ಬಿಡದೆ, 1948ರಲ್ಲಿ ಅಲ್ಲಿಯೇ ತೀರಿಕೊಂಡನು.

ಅವರು ಕಂಡುದೇನೆಂಬುದನ್ನು ಅರಿಯಲು ಹಿತ್ತಿಲಿನ ನಿಂಬೆಗಿಡದ ಬಳಿ ನಿಂತರೆ ಸಾಕು. ಚಿಗುರೆಲೆಯ ಮೇಲೆ ಹಕ್ಕಿಯ ಹಿಕ್ಕೆಯಂತೆ ಕಪ್ಪುಬಿಳುಪಾಗಿ ಬಿದ್ದಿರುವ ವಸ್ತುವು ನಿಂಬೆಚಿಟ್ಟೆಯ ಎಳೆಯ ಮರಿ. ಪೊರೆ ಕಳಚುತ್ತ ಬೆಳೆದಂತೆ ಅದು ಎಲೆಯ ಹಸುರನ್ನೇ ತಾಳುತ್ತದೆ. ಮುಟ್ಟಿದೊಡನೆ ತಲೆಯ ಹಿಂದಿನಿಂದ ಕೆಂಪನೆಯ ಕವಲುಕೊಂಬನ್ನು ಚಾಚಿ, ಕಟುವಾದ ವಾಸನೆಯನ್ನು ಸೂಸುತ್ತದೆ. ಇದೇ ಮರಿಗೆ ಕರಿಬೇವು, ಬಿಲ್ವಗಳೂ ರುಚಿಸುತ್ತವೆ. ಎಕ್ಕದ ಗಿಡದಲ್ಲಿ ಪಟ್ಟೆಪಟ್ಟೆಯ ಮತ್ತೊಂದು ಜಾತಿ. ಈಶ್ವರಿ ಬಳ್ಳಿಯನ್ನು ತಿಂದು ಬೆಳೆಯುವ ಜಾತಿಗಳು ಆ ಬಳ್ಳಿಯ ವಿಷವನ್ನು ಮೈಯಲ್ಲಿ ಉಳಿಸಿಕೊಂಡು ಹಕ್ಕಿಗಳ ಬಾಯಿಂದ ಪಾರಾಗುತ್ತವೆ.

ಇನ್ನು ಛಾಯಾಗ್ರಹಣದ ಮಾತು. ಗಾಜಿನ ಫಲಕಗಳ ಕಾಲದಲ್ಲಿ ಹಾರುವ ಜೀವಿಯು ಚಿತ್ರಕ್ಕೆ ಒದಗುವುದು ದುಸ್ಸಾಧ್ಯವಾಗಿತ್ತು. 1907ರಲ್ಲಿ ಲೂಮಿಯೇರ್ ಸಹೋದರರ ಆಟೋಕ್ರೋಮ್ ಫಲಕವು ಬಣ್ಣವನ್ನು ತಂದಿತಾದರೂ, ಬಿಸಿಲಿನಲ್ಲಿಯೂ ಅದು ಬೇಡುತ್ತಿದ್ದ ದೀರ್ಘವಾದ ಅವಧಿಯನ್ನು ಯಾವ ಚಿಟ್ಟೆ ತಾನೆ ಕೊಟ್ಟೀತು? ಆದರೆ ಹುಳು ಸಾಕುವವನಿಗೆ ಒಂದು ಸುಯೋಗವಿತ್ತು. ಕೋಶವನ್ನು ಸೀಳಿ ಆಗತಾನೆ ಹೊರಬಂದ ಚಿಟ್ಟೆಯು ಮುದುಡಿದ ರೆಕ್ಕೆಗಳಿಗೆ ದ್ರವವನ್ನು ತುಂಬಿಕೊಂಡು, ಅವು ಒಣಗಿ ಗಟ್ಟಿಯಾಗುವ ತನಕ ಕಡ್ಡಿಗೆ ಜೋತುಬಿದ್ದು ಅಲುಗಾಡದೆ ಇರುವುದರಿಂದ, ನಿಧಾನವಾದ ಫಲಕಕ್ಕೂ ಅಷ್ಟು ಹೊತ್ತು ಸಾಲುತ್ತಿತ್ತು. 1936ರಲ್ಲಿ ಜರ್ಮನಿಯ ಕೀನೆ ಎಕ್ಸಾಕ್ಟಾ ಎಂಬ ಸಣ್ಣ ಕ್ಯಾಮೆರಾ ಬಂದ ಮೇಲೆ, ಮಸೂರವು ಕಾಣುವುದನ್ನೇ ಕಣ್ಣೂ ಕಾಣುವಂತಾಗಿ, ಗೇಣುದೂರದ ವಸ್ತುವನ್ನು ಗುರಿತಪ್ಪದೆ ಹಿಡಿಯುವುದು ಹವ್ಯಾಸಿಗೂ ಸಾಧ್ಯವಾಯಿತು. ಅದೇ ವರ್ಷ ಕೊಡಾಕ್ರೋಮ್ ಬಣ್ಣದ ಸುರುಳಿಯೂ ಆ ಅಳತೆಯಲ್ಲಿ ದೊರೆಯಿತು. ಆಳ ಹಿಡಿಯದ ಸಮೀಪದ ಚಿತ್ರದಲ್ಲಿ ರೆಕ್ಕೆಯ ಮಟ್ಟಕ್ಕೆ ಕ್ಯಾಮೆರಾವನ್ನು ಸಮಾನಾಂತರವಾಗಿ ಹಿಡಿಯಬೇಕೆಂಬ ನಿಯಮವು ಅಂದಿನಂತೆಯೇ ಇಂದಿಗೂ ಉಳಿದಿದೆ. ಮುಂದೆ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಆಸರೆಗೆ ಹಲವು ಜಾತಿಯ ಚಿಟ್ಟೆಗಳೂ ಬಂದುವು. ಬಲೆ ಹಿಡಿದಿದ್ದ ಕೈಗಳಿಗೆ ಕ್ಯಾಮೆರಾ ಬರಲು ಕಾಯಿದೆಗಿಂತಲೂ ಅಗ್ಗದ ಸುರುಳಿಯೇ ಹೆಚ್ಚಿನ ಕಾರಣವೆಂದು ನನ್ನ ಎಣಿಕೆ.

ಹೂವಿನ ಪಾತ್ರವನ್ನು ನಾನು ಅಲ್ಲಗಳೆಯುತ್ತಿಲ್ಲ. ಅಮೆರಿಕಾ ಖಂಡದಿಂದ ಅಲಂಕಾರಕ್ಕೆಂದು ಬಂದು ನಮ್ಮ ಕಾಡುಗಳನ್ನೇ ಕಬಳಿಸಿದ ಲಂಟಾನದ ಹೂವಿಗೆ ಚಿಟ್ಟೆಗಳು ಮುತ್ತುವುದನ್ನು ಎಲ್ಲರೂ ಬಲ್ಲರು. ಆದರೆ ಅದರ ಎಲೆಯಲ್ಲಿ ನಮ್ಮ ಚಿಟ್ಟೆಗಳ ಮರಿಗಳಿಗೆ ಬಹುಮಟ್ಟಿಗೆ ಊಟವಿಲ್ಲ. ಮಕರಂದಕ್ಕೆ ಬಂದ ಚಿಟ್ಟೆ ಅತಿಥಿ; ಎಲೆಯಿದ್ದರೆ ಮಾತ್ರ ಅದು ಸಂಸಾರ ಹೂಡುತ್ತದೆ. ಕರ್ನಾಟಕದ ರಾಜ್ಯಚಿಟ್ಟೆಯೆನಿಸಿದ ಸದರ್ನ್ ಬರ್ಡ್‌ವಿಂಗ್ ಹೂವಿನ ಮೇಲೂ ರೆಕ್ಕೆ ಬಡಿಯುತ್ತಲೇ ಮಕರಂದ ಹೀರುವುದರಿಂದ ಹೂವಿನ ಬಳಿ ಕಾದವನ ಚಿತ್ರವೆಲ್ಲ ಮಸುಕು; ಮಲೆನಾಡಿನಲ್ಲಿ ಈಶ್ವರಿ ಬಳ್ಳಿಯನ್ನು ಬೇಲಿಗೆ ಹಬ್ಬಿಸಿದವನ ಮನೆಗಾದರೋ ಹೆಣ್ಣುಚಿಟ್ಟೆ ತಾನಾಗಿ ಬಂದು ಮೊಟ್ಟೆಯಿಡುತ್ತದೆ. ಆದರೂ ಗಿಡ ಕೊಳ್ಳಹೋದ ನಾವು ಎಲೆಯಲ್ಲೊಂದು ತೂತು ಕಂಡರೆ ಆ ಕುಂಡವನ್ನು ಪಕ್ಕಕ್ಕೆ ಸರಿಸುತ್ತೇವೆ, ಮಾರುವವನೂ ಅದನ್ನರಿತು ಮುಂಜಾನೆಯೇ ಔಷಧಿ ಹೊಡೆದು ಇಟ್ಟಿರುತ್ತಾನೆ.