ಪಿಕಪ್ ಗಾಡಿಗೆ ಪಿಕಪ್ ಯಾಕಿಲ್ಲ? - ಕಾರ್ಬುರೇಟರ್ ನಡೆದು ಬಂದ ದಾರಿ



ಸಂಘದ ಬೆಳ್ಳಿಹಬ್ಬದ ಸಂಚಿಕೆಯಲ್ಲಿ ಸಾಲ, ಠೇವಣಿ, ಗೊಬ್ಬರದ ವಿಷಯ ಬರೆಯಲು ತಿಳಿದವರು ಬೇಕಾದಷ್ಟು ಜನ ಇದ್ದಾರೆ. ನಾನು ಯಂತ್ರದ ವಿಷಯ ಒಂದನ್ನು ತಮ್ಮ ಮುಂದೆ ಇಡಲು ಬಯಸುತ್ತೇನೆ. ಹಳೇ ಪೆಟ್ರೋಲ್ ಜೀಪು, ಓಮ್ನಿ, ಬೈಕು ಇಟ್ಟುಕೊಂಡವರು "ಗಾಡಿ ಪಿಕಪ್ಪೇ ಇಲ್ಲ ಮಾರಾಯ" ಅನ್ನುವುದನ್ನು ಎಲ್ಲರೂ ಕೇಳಿದ್ದೇವೆ. ಕೂಡಲೇ ಯಾರೋ ಒಬ್ಬರು "ಕಾರ್ಬುರೇಟರ್ ಬದಲಾಯಿಸು" ಅಂತಾರೆ. ದುಡ್ಡು ಖರ್ಚಾಗುತ್ತೆ, ಗಾಡಿ ಮಾತ್ರ ಹಂಗೇ ಇರುತ್ತೆ.

ಕಾರ್ಬುರೇಟರ್ ಒಂದೇ ದಿನದಲ್ಲಿ ಹುಟ್ಟಿದ್ದಲ್ಲ. ಅದರ ಒಂದೊಂದು ಭಾಗವೂ ಒಂದೊಂದು ಕಾಯಿಲೆಗೆ ಮದ್ದಾಗಿ ಬಂದದ್ದು. ಆ ಭಾಗ ಕೆಟ್ಟರೆ ಅದೇ ಹಳೇ ಕಾಯಿಲೆ ವಾಪಸು ಬರುತ್ತದೆ. ಆದ್ದರಿಂದ ಅದರ ಚರಿತ್ರೆ ತಿಳಿದವನಿಗೆ ರೋಗ ಹುಡುಕುವುದು ಅರ್ಧ ಸಲೀಸು.

ಜರ್ಮನಿಯ ಕಾರ್ಲ್ ಬೆಂಜ್ ತಮ್ಮ ಮೋಟಾರು ಗಾಡಿಗೆ 1886ರಲ್ಲಿ ಪೇಟೆಂಟ್ ಪಡೆದರು. ಅದರಲ್ಲಿ ಗಾಳಿ ಪೆಟ್ರೋಲಿನಂಥ ಎಣ್ಣೆಯ ಮೇಲೆ ಹಾದು, ಅದರ ಆವಿ ಹೊತ್ತುಕೊಂಡು ಎಂಜಿನ್ನಿಗೆ ಹೋಗುತ್ತಿತ್ತು. 1888ರ ಆಗಸ್ಟಿನಲ್ಲಿ ಅವರ ಹೆಂಡತಿ ಬರ್ತಾ ಬೆಂಜ್ ಇಬ್ಬರು ಗಂಡುಮಕ್ಕಳನ್ನು ಕೂರಿಸಿಕೊಂಡು ಮ್ಯಾನ್‌ಹೈಮಿನಿಂದ ಫೋರ್ಟ್ಸ್‌ಹೈಮಿಗೆ, ಸುಮಾರು 100 ಕಿಲೋಮೀಟರ್, ಗಾಡಿ ಹೊಡೆದರು. ದಾರಿಯಲ್ಲಿ ಎಣ್ಣೆಯ ನಳಿಗೆ ಕಟ್ಟಿಕೊಂಡಿತು. ಆ ತಾಯಿ ಟೋಪಿಗೆ ಸಿಕ್ಕಿಸಿದ್ದ ಪಿನ್ನು ತೆಗೆದು ಕಸ ಬಿಡಿಸಿದರಂತೆ. ಏರು ಬಂದ ಕಡೆ ಮಕ್ಕಳು ಇಳಿದು ತಳ್ಳಬೇಕಾಯಿತು. ಅಂದರೆ ಕಸ ಕಟ್ಟುವುದು, ಏರಿಗೆ ಎಳೆಯದಿರುವುದು ಎರಡೂ ಗಾಡಿಯಷ್ಟೇ ಹಳೇ ತೊಂದರೆಗಳು.

ಆವಿಯನ್ನು ನಂಬಿದರೆ ಮಿಶ್ರಣ ಒಂದೇ ಸಮ ಇರುವುದಿಲ್ಲ. ಚಳಿಗೊಂದು ತರಹ, ಬಿಸಿಲಿಗೊಂದು ತರಹ. 1893ರಲ್ಲಿ ಹಂಗೇರಿಯ ಬಾಂಕಿ ಮತ್ತು ಚೋಂಕಾ ಎಂಬಿಬ್ಬರು, ಅದೇ ವರ್ಷ ಜರ್ಮನಿಯ ವಿಲ್‌ಹೆಲ್ಮ್ ಮೇಬಾಕ್, ಪೆಟ್ರೋಲನ್ನು ಸಣ್ಣ ತೂತಿನ ಮೂಲಕ ಗಾಳಿಗೆ ಸಿಂಪಡಿಸುವ ಕಾರ್ಬುರೇಟರ್ ತಂದರು. ಕಾಲುವೆ ಇಕ್ಕಟ್ಟಾದ ಕಡೆ ನೀರು ರಭಸವಾಗಿ ಹರಿಯುವುದು ರೈತರಿಗೆ ಗೊತ್ತೇ ಇದೆ. ಗಾಳಿಯೂ ಹಾಗೆಯೇ. ಇಕ್ಕಟ್ಟಾದ ಗಂಟಲಲ್ಲಿ ಅದರ ವೇಗ ಹೆಚ್ಚಿ ಒತ್ತಡ ಇಳಿಯುತ್ತದೆ, ಆಗ ಜೆಟ್ಟಿನಿಂದ ಪೆಟ್ರೋಲು ಮೇಲೆದ್ದು ಹನಿಯಾಗಿ ಬರುತ್ತದೆ. ಇಟಲಿಯ ವೆಂಚೂರಿ ಎಂಬ ವಿಜ್ಞಾನಿ 1797ರಲ್ಲೇ ಇದನ್ನು ಬರೆದಿಟ್ಟಿದ್ದರು. ಪೆಟ್ರೋಲಿನ ಮಟ್ಟ ಕಾಯುವುದಕ್ಕೆ ಫ್ಲೋಟು. ನಮ್ಮ ನೀರಿನ ಟ್ಯಾಂಕಿನ ಬಾಲ್ ವಾಲ್ವಿನ ಕೆಲಸವೇ ಅದರದು.

ಒಂದು ಪಾಲು ಪೆಟ್ರೋಲಿಗೆ ತೂಕದಲ್ಲಿ ಸುಮಾರು 15 ಪಾಲು ಗಾಳಿ, ಇದು ಲೆಕ್ಕ. ಫ್ಲೋಟು ತೂತಾಗಿ ಮುಳುಗಿದರೆ ಪೆಟ್ರೋಲು ಉಕ್ಕಿ ಕಪ್ಪು ಹೊಗೆ ಬರುತ್ತದೆ, ಪ್ಲಗ್ಗಿಗೆ ಮಸಿ ಹಿಡಿಯುತ್ತದೆ. ಚೋಕ್ ಮುಚ್ಚಿಕೊಂಡೇ ಉಳಿದರೂ, ಏರ್ ಫಿಲ್ಟರ್ ಧೂಳು ತುಂಬಿದರೂ ಇದೇ ಲಕ್ಷಣ. ಪ್ಲಗ್ಗಿನ ಮೂತಿ ಬೆಳ್ಳಗೆ ಸುಟ್ಟಂತಿದ್ದರೆ ಪೆಟ್ರೋಲು ಸಾಲದು, ಇಲ್ಲವೇ ಎಲ್ಲೋ ಕಳ್ಳಗಾಳಿ ಒಳಗೆ ಹೋಗುತ್ತಿದೆ ಎಂದು ತಿಳಿಯಬೇಕು.

ಇನ್ನು ಪಿಕಪ್ ಗಾಡಿಯ ವಿಷಯ. ಅಮೆರಿಕದ ಫೋರ್ಡ್ ಮಾಡೆಲ್ ಟಿ ಗಾಡಿ 1908ರಿಂದ 1927ರವರೆಗೆ ಸುಮಾರು ಒಂದೂವರೆ ಕೋಟಿ ತಯಾರಾಯಿತು. ಅಲ್ಲಿನ ರೈತರು ಅದರ ಹಿಂಭಾಗ ಕತ್ತರಿಸಿ ಮರದ ಪೆಟ್ಟಿಗೆ ಕೂರಿಸಿ ಸಾಮಾನು ಸಾಗಿಸುತ್ತಿದ್ದರು. ಇದನ್ನು ಕಂಡು ಕಂಪನಿಯವರೇ 1925ರ ಏಪ್ರಿಲಿನಲ್ಲಿ ಪಿಕಪ್ ತೊಟ್ಟಿ ಸಮೇತ ಗಾಡಿ ಮಾರಾಟಕ್ಕೆ ಬಿಟ್ಟರು. ಬೆಲೆ 281 ಡಾಲರ್. ಎಂಜಿನ್ 20 ಅಶ್ವಶಕ್ತಿ.

ಆ ಗಾಡಿಯಲ್ಲಿ ಎರಡು ಪಾಠಗಳಿವೆ. ಮೊದಲನೆಯದು, ಅದಕ್ಕೆ ಪೆಟ್ರೋಲ್ ಪಂಪೇ ಇರಲಿಲ್ಲ. ಟ್ಯಾಂಕು ಸೀಟಿನ ಕೆಳಗೆ, ಅಲ್ಲಿಂದ ಪೆಟ್ರೋಲು ತಾನಾಗಿ ಇಳಿದು ಬರಬೇಕು. ಕಡಿದಾದ ಏರಿನಲ್ಲಿ ಎಂಜಿನ್ ಟ್ಯಾಂಕಿಗಿಂತ ಮೇಲಾಗಿ ಪೆಟ್ರೋಲು ನಿಲ್ಲುತ್ತಿತ್ತು. ಅದಕ್ಕೇ ಜನ ಗಾಡಿ ತಿರುಗಿಸಿ ರಿವರ್ಸಿನಲ್ಲಿ ಗುಡ್ಡ ಹತ್ತಿಸುತ್ತಿದ್ದರು. ಎರಡನೆಯದು, ಕಿಡಿಯ ಟೈಮಿಂಗನ್ನು ಸ್ಟೇರಿಂಗಿನ ಪಕ್ಕದ ಒಂದು ಸಣ್ಣ ಹಿಡಿಯಿಂದ ಚಾಲಕನೇ ಹೊಂದಿಸಬೇಕಿತ್ತು. ಸ್ಟಾರ್ಟ್ ಮಾಡುವಾಗ ತಡ, ಓಡುವಾಗ ಬೇಗ. ಕಿಡಿ ತಡವಾದರೆ ಪೆಟ್ರೋಲು ಎಷ್ಟೇ ಕೊಟ್ಟರೂ ಎಳೆತವಿಲ್ಲ, ಎಂಜಿನ್ ಕಾಯುತ್ತದೆ ಅಷ್ಟೇ.

ಎರಡನೇ ಮಹಾಯುದ್ಧದ ಜೀಪಿಗೆ ಬರುವ ಹೊತ್ತಿಗೆ ಈ ಎರಡಕ್ಕೂ ಮದ್ದು ಸಿಕ್ಕಿತ್ತು. 1941ರಿಂದ 1945ರ ನಡುವೆ ವಿಲ್ಲಿಸ್ ಮತ್ತು ಫೋರ್ಡ್ ಕಂಪನಿಗಳು 6 ಲಕ್ಷಕ್ಕೂ ಹೆಚ್ಚು ಜೀಪು ತಯಾರಿಸಿದವು. ಅದರಲ್ಲಿ ಪೆಟ್ರೋಲ್ ಪಂಪ್ ಇತ್ತು. ವೇಗ ಹೆಚ್ಚಿದಂತೆ ಕಿಡಿಯನ್ನು ತಾನೇ ಬೇಗ ಮಾಡುವ ತೂಕದ ತುಂಡುಗಳು ಡಿಸ್ಟ್ರಿಬ್ಯೂಟರಿನಲ್ಲಿ ಇದ್ದವು. ಕಾರ್ಬುರೇಟರಿನಲ್ಲಿ ಆಕ್ಸಿಲರೇಟರ್ ಪಂಪೂ ಇತ್ತು. ನಾವು ಪೆಡಲು ಒಮ್ಮೆಲೇ ಒತ್ತಿದಾಗ ಗಾಳಿ ತಕ್ಷಣ ನುಗ್ಗುತ್ತದೆ, ಭಾರದ ಪೆಟ್ರೋಲು ಹಿಂದೆ ಬೀಳುತ್ತದೆ. ನೊಗದಲ್ಲಿ ಒಂದು ಎತ್ತು ಜಿಗಿದು ಇನ್ನೊಂದು ನಿಂತ ಹಾಗೆ. ಆ ಕ್ಷಣಕ್ಕೆ ಒಂದು ಚಿಮ್ಮು ಪೆಟ್ರೋಲು ಕೊಡುವುದೇ ಈ ಪಂಪಿನ ಕೆಲಸ. ಇದೇ ಜೀಪಿನ ವಂಶವನ್ನು 1940ರ ದಶಕದ ಕೊನೆಯಲ್ಲಿ ಮಹೀಂದ್ರ ಕಂಪನಿ ಮುಂಬೈಯಲ್ಲಿ ಜೋಡಿಸತೊಡಗಿತು. ನಮ್ಮ ಮಲೆನಾಡಿನ ತೋಟದ ದಾರಿಗಳಿಗೆ ಜೀಪು ಬಂದದ್ದು ಹೀಗೆ.

ಈಗ ರೋಗ ಹುಡುಕುವ ಕ್ರಮ ನೋಡೋಣ. ಕಾಸು ಖರ್ಚಿಲ್ಲದ್ದು ಮೊದಲು.

ಒಬ್ಬರು ಪೆಡಲು ಪೂರ್ತಿ ಒತ್ತಲಿ, ಇನ್ನೊಬ್ಬರು ಕಾರ್ಬುರೇಟರಿನ ಬಾಯಿ ಪೂರ್ತಿ ತೆರೆಯುತ್ತದೆಯೇ ನೋಡಲಿ. ವಯರು ಸಡಿಲವಾಗಿ ಅರ್ಧವೇ ತೆರೆಯುವುದುಂಟು. ಎಂಜಿನ್ ಶಬ್ದ ಏರಿ ಗಾಡಿ ಏರದಿದ್ದರೆ ಅದು ಕ್ಲಚ್ಚಿನ ತೊಂದರೆ. ಗಾಡಿ ತಳ್ಳಿದರೆ ಬಿಗಿಯಾಗಿದ್ದರೆ ಬ್ರೇಕ್ ಹಿಡಿದಿದೆ. ಇವಕ್ಕೆಲ್ಲ ಕಾರ್ಬುರೇಟರನ್ನು ದೂರಬೇಡಿ.

ಒತ್ತಿದ ಕೂಡಲೇ ಮುಗ್ಗರಿಸಿ ಆಮೇಲೆ ಓಡಿದರೆ ಆಕ್ಸಿಲರೇಟರ್ ಪಂಪ್ ನೋಡಿ. ಎಂಜಿನ್ ನಿಲ್ಲಿಸಿ, ತಣ್ಣಗಾದ ಮೇಲೆ, ಏರ್ ಫಿಲ್ಟರ್ ತೆಗೆದು, ಪೆಡಲಿನ ಕಡ್ಡಿ ಆಡಿಸಿದರೆ ಒಳಗೆ ಪೆಟ್ರೋಲು ಚಿಮ್ಮಬೇಕು. ಬೀಡಿ, ಬೆಂಕಿಕಡ್ಡಿ ಹತ್ತಿರ ಬೇಡವೇ ಬೇಡ. ಮೊದಲು ಚೆನ್ನಾಗಿ ಓಡಿ ಉದ್ದದ ಏರಿನಲ್ಲಿ ಸೋತರೆ ಅದು ಮಾಡೆಲ್ ಟಿಯ ಕಾಯಿಲೆ, ಪೆಟ್ರೋಲು ಸಾಲುತ್ತಿಲ್ಲ. ಫಿಲ್ಟರ್, ಪಂಪಿನ ರಬ್ಬರ್, ಟ್ಯಾಂಕಿನ ಮುಚ್ಚಳದ ಗಾಳಿತೂತು ನೋಡಿ. ಯಾವಾಗಲೂ ಮಂಕಾಗಿದ್ದು ಎಂಜಿನ್ ಕಾಯುತ್ತಿದ್ದರೆ ಪಾಯಿಂಟು, ಟೈಮಿಂಗ್ ನೋಡಿಸಿ. ಇಷ್ಟಾದ ಮೇಲೆ ಕಾರ್ಬುರೇಟರ್ ಬಿಚ್ಚುವ ಮಾತು.

ಹಳೇ ಗಾಡಿಗೆ ಈಗ ಇನ್ನೊಂದು ಹೊಸ ವಿಷಯ ಸೇರಿದೆ. ಶೇಕಡಾ 20 ಎಥೆನಾಲ್ ಬೆರೆತ ಪೆಟ್ರೋಲನ್ನು 2023ರ ಫೆಬ್ರವರಿ 6ರಂದು ನಮ್ಮ ಬೆಂಗಳೂರಿನಲ್ಲೇ ಬಿಡುಗಡೆ ಮಾಡಿದರು. ಕಬ್ಬು, ಜೋಳ ಬೆಳೆಯುವ ರೈತನಿಗೆ ಇದು ಒಳ್ಳೆಯದೇ. ಆದರೆ ಎಥೆನಾಲ್ ತೇವ ಹೀರುತ್ತದೆ, ಹಳೇ ಕಾಲದ ರಬ್ಬರ್ ಪೈಪನ್ನು ಮೆತ್ತಗೆ ಮಾಡುತ್ತದೆ. ಹಳೇ ಪೈಪು ಬದಲಾಯಿಸಿಕೊಳ್ಳಿ. ಕಳೆ ಕತ್ತರಿಸುವ ಯಂತ್ರ, ಔಷಧಿ ಹೊಡೆಯುವ ಪಂಪಿನಲ್ಲೂ ಕಾರ್ಬುರೇಟರ್ ಇದೆ. ಮಳೆಗಾಲಕ್ಕೆ ಮೂಲೆಗಿಡುವಾಗ ಪೆಟ್ರೋಲು ಖಾಲಿ ಮಾಡಿ ಇಡಿ.

2020ರ ಏಪ್ರಿಲ್ 1ರಿಂದ ಬಿ.ಎಸ್. 6 ನಿಯಮ ಜಾರಿಯಾದ ಮೇಲೆ ಹೊಸ ಬೈಕುಗಳಿಗೂ ಇಂಜೆಕ್ಷನ್ ಬಂತು. ಕಾರ್ಬುರೇಟರ್ ಕಲಿತ ಮೇಸ್ತ್ರಿಗಳಿಗೆ ವಯಸ್ಸಾಗುತ್ತಿದೆ, ಹೊಸ ಹುಡುಗರು ಕಂಪ್ಯೂಟರ್ ಹಚ್ಚಿ ನೋಡುತ್ತಾರೆ. ಆದರೆ ನಮ್ಮ ಕೊಟ್ಟಿಗೆಯಲ್ಲಿ ಹಳೇ ಯಂತ್ರ ಇನ್ನೂ ಇವೆ. ಸಂಘದ ವತಿಯಿಂದ ವರ್ಷಕ್ಕೊಂದು ದಿನ ಒಬ್ಬ ಹಿರಿಯ ಮೇಸ್ತ್ರಿಯನ್ನು ಕರೆಸಿ, ಗೋದಾಮಿನ ಅಂಗಳದಲ್ಲಿ ಯುವಕರಿಗೆ ಇದನ್ನು ಕಲಿಸಬಹುದು. ಮುಂದಿನ ಸಭೆಯಲ್ಲಿ ಈ ವಿಷಯ ಮಂಡಿಸುತ್ತೇನೆ, ಸದಸ್ಯರು ಬೆಂಬಲಿಸಬೇಕೆಂದು ಕೋರುತ್ತೇನೆ.